ವ್ಯವಸ್ಥಾಚಿಂತನೆ ಮತ್ತು ಸಹವಿನ್ಯಾಸ

ಬಡತನ, ಅನಾರೋಗ್ಯ, ವಸತಿಯ ಅಭಾವ ಮೊದಲಾದ ಸಾಮಾಜಿಕ ಸಮಸ್ಯೆಗಳನ್ನು ಬಿಡಿಬಿಡಿಯಾಗಿ ನೋಡದೆ ಅವುಗಳ ಪರಸ್ಪರ ಸಂಬಂಧವನ್ನು ಸಮಗ್ರವಾಗಿ ಪರಿಶೀಲಿಸುವ ಕ್ರಮಕ್ಕೆ ವ್ಯವಸ್ಥಾಚಿಂತನೆಯೆಂದೂ, ಅವುಗಳನ್ನು ಅನುಭವಿಸುವ ಜನರನ್ನೇ ಪರಿಹಾರದ ರಚನೆಯಲ್ಲಿ ಪಾಲುಗೊಳಿಸುವ ಕ್ರಮಕ್ಕೆ ಸಹವಿನ್ಯಾಸವೆಂದೂ ಹೆಸರು. ಬೇರೆಬೇರೆ ಮೂಲಗಳಿಂದ ಹುಟ್ಟಿದ ಇವೆರಡೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದಕ್ಕೊಂದು ಪೂರಕವಾಗಿ ಬೆಳೆದುವು.

ಉಗಮ: ಜೀವಿಯನ್ನು ಅದರ ಅಂಗಗಳ ಮೊತ್ತವೆಂದಷ್ಟೇ ತಿಳಿಯುವುದು ಸಾಲದೆಂದು ವಾದಿಸಿದ ಆಸ್ಟ್ರಿಯದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲಾನ್ಫಿ ಅವರ ಸಾಮಾನ್ಯ ವ್ಯವಸ್ಥಾಸಿದ್ಧಾಂತ 1968ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅಮೆರಿಕದ ಜೇ ಫಾರೆಸ್ಟರ್ ಕಾರ್ಖಾನೆ ಮತ್ತು ನಗರಗಳ ಏರಿಳಿತಗಳನ್ನು ಸಂಚಯ, ಪ್ರವಾಹ, ಮರುಪ್ರಭಾವಗಳ ಲೆಕ್ಕದಿಂದ ವಿವರಿಸಿದರು. ಕೆರೆಯೊಂದನ್ನು ನೆನೆದರೆ ಈ ಪರಿಭಾಷೆ ತಿಳಿಯಾಗುವುದು: ನಿಂತ ನೀರು ಸಂಚಯ, ಕಾಲುವೆಯಿಂದ ಬರುವುದೂ ತೂಬಿನಿಂದ ಹೋಗುವುದೂ ಪ್ರವಾಹ, ನೀರು ಇಳಿದುದನ್ನು ಕಂಡು ತೂಬು ಮುಚ್ಚುವ ನೀರುಗಂಟಿಯ ಕೈ ಮರುಪ್ರಭಾವ. ಕೆರೆಯಲ್ಲಿ ಹೂಳು ತುಂಬಿದಾಗ ಮೇಲಣ ಗುಡ್ಡದ ಮರಗಳು ಕಡಿದುಹೋದುದನ್ನು ಗಮನಿಸದೆ ಏರಿಯನ್ನಷ್ಟೇ ಎತ್ತರಿಸಿದರೆ ಹೇಗೋ, ಸಮಾಜದ ಕೇಡುಗಳಿಗೆ ಒಂದೇ ಕಡೆಯಿಂದ ಮದ್ದು ಹುಡುಕುವುದೂ ಹಾಗೆಯೇ. 1973ರಲ್ಲಿ ಹೋರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬರ್ ಇಂಥ ಜಟಿಲ ಸಮಸ್ಯೆಗಳ 10 ಲಕ್ಷಣಗಳನ್ನು ನಿರೂಪಿಸಿದರು: ಇವುಗಳ ಪರಿಹಾರ ಇಲ್ಲಿಗೆ ಮುಗಿಯಿತೆಂಬ ಗುರುತಿಲ್ಲ, ಇವನ್ನು ಗಣಿತದ ಲೆಕ್ಕದಂತೆ ಅಳಿಸಿ ಮತ್ತೆ ಬಿಡಿಸಲು ಬಾರದು, ಮಾಡಿದ ಪ್ರತಿಯೊಂದು ಪ್ರಯತ್ನವೂ ಜನರ ಬಾಳಿನ ಮೇಲೆ ಉಳಿಯುವ ಗುರುತನ್ನು ಬಿಡುತ್ತದೆ.

ಸಹವಿನ್ಯಾಸದ ಬೇರು ಸ್ಕ್ಯಾಂಡಿನೇವಿಯದ ಕಾರ್ಮಿಕ ಚಳುವಳಿಯಲ್ಲಿದೆ. 1981ರಲ್ಲಿ ಆರಂಭವಾದ ಯುಟೋಪಿಯ ಯೋಜನೆಯಲ್ಲಿ ಮುದ್ರಣ ಕಾರ್ಮಿಕರು ಸಂಶೋಧಕರೊಡನೆ ಕುಳಿತು, ಬರಲಿರುವ ಯಂತ್ರಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ಕಲ್ಪಿಸಿಕೊಂಡು, ತಮ್ಮ ಕೆಲಸ ಹೇಗಿರಬೇಕೆಂಬುದನ್ನು ಕೈಯಾರೆ ಮಾಡಿ ತೋರಿಸಿದರು. 1990ರ ಸುಮಾರಿಗೆ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ನಡೆಸಿದ ಸಹಭಾಗಿ ಗ್ರಾಮಸಮೀಕ್ಷೆಗಳಲ್ಲಿಯೂ ಊರವರೇ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆಯನ್ನು ಬಿಡಿಸಿದರು.

ಪ್ರಯೋಗ: ಕರಾಚಿಯ ಓರಂಗಿ ಎಂಬ ವಿಶಾಲವಾದ ಬಡ ವಸತಿಯಲ್ಲಿ ಅಖ್ತರ್ ಹಮೀದ್ ಖಾನ್ ಅವರು 1980ರಲ್ಲಿ ಆರಂಭಿಸಿದ ಕಾರ್ಯ ಈ ಎರಡು ಕ್ರಮಗಳ ಸಂಗಮಕ್ಕೆ ಉತ್ತಮ ನಿದರ್ಶನ. ಬೀದಿಯಲ್ಲಿ ಹರಿಯುತ್ತಿದ್ದ ಕೊಳಚೆಗೆ ಹಣದ ಅಭಾವವೊಂದೇ ಕಾರಣವಲ್ಲವೆಂದು ಅವರು ಕಂಡರು. ಸರಕಾರವೇ ಎಲ್ಲವನ್ನೂ ಉಚಿತವಾಗಿ ಮಾಡಿಕೊಡಬೇಕೆಂಬ ನಿರೀಕ್ಷೆ, ಗುತ್ತಿಗೆದಾರರ ಲಾಭದಿಂದ ಏರಿದ ವೆಚ್ಚ, ತಾಂತ್ರಿಕ ತಿಳಿವಳಿಕೆಯ ಕೊರತೆ, ನೆರೆಹೊರೆಯವರಲ್ಲಿ ಸಂಘಟನೆಯಿಲ್ಲದಿರುವುದು, ಈ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿದ್ದುವು. ಆದುದರಿಂದ 20ರಿಂದ 30 ಮನೆಗಳ ಒಂದು ಗಲ್ಲಿಯನ್ನೇ ಕಾರ್ಯದ ಘಟಕವಾಗಿ ಇಟ್ಟುಕೊಂಡರು. ಗಲ್ಲಿಯವರು ತಮ್ಮೊಳಗೊಬ್ಬರನ್ನು ಮುಂದಾಳಾಗಿ ಆರಿಸಿ, ಹಣ ಕೂಡಿಸಿ, ಕೆಲಸ ಮಾಡಿಸಿದರು. ಯೋಜನೆಯವರು ಅಳತೆ, ನಕ್ಷೆ, ಅಂದಾಜು ಪಟ್ಟಿ ಮತ್ತು ಸಲಕರಣೆಗಳನ್ನು ಒದಗಿಸಿದರೇ ಹೊರತು ಹಣವನ್ನು ಕೊಡಲಿಲ್ಲ. ಶೌಚಾಲಯಕ್ಕೂ ಒಳಚರಂಡಿಗೂ ನಡುವೆ ಚಿಕ್ಕ ತೊಟ್ಟಿಯೊಂದನ್ನು ಕಟ್ಟಿ, ಗಟ್ಟಿ ಕಶ್ಮಲ ಅಲ್ಲಿಯೇ ತಂಗುವಂತೆ ಮಾಡಿದುದರಿಂದ ಕೊಳವೆ ಕಟ್ಟಿಕೊಳ್ಳುವುದು ತಪ್ಪಿತು. ಶೌಚಾಲಯ, ಗಲ್ಲಿಯ ಒಳಚರಂಡಿ, ಅವು ಕೂಡುವ ಉಪಚರಂಡಿ ಇವು ಜನರ ಹೊಣೆ. ಮುಖ್ಯ ಚರಂಡಿ ಮತ್ತು ಶುದ್ಧೀಕರಣ ಸರಕಾರದ ಹೊಣೆ ಎಂಬ ವಿಭಾಗವೇ ಈ ಪ್ರಯೋಗದ ತಿರುಳು.

ಮಿತಿಗಳು: ಜನರು ತಮ್ಮ ಪಾಲನ್ನು ಎಷ್ಟೇ ಚೆನ್ನಾಗಿ ನೆರವೇರಿಸಿದರೂ ಮೇಲಿನ ಹಂತದ ಹೊಣೆ ನಡೆಯದಿದ್ದಲ್ಲಿ ಗಲ್ಲಿಯ ಕೊಳಚೆ ಶುದ್ಧವಾಗದೆ ಹಳ್ಳಕ್ಕೂ ಅಲ್ಲಿಂದ ಕಡಲಿಗೂ ಸೇರುವುದು. ಸಹವಿನ್ಯಾಸದ ಹೆಸರಿನಲ್ಲಿ ಸರಕಾರದ ಭಾರವನ್ನು ಬಡವರ ಹೆಗಲಿಗೆ ಹೊರಿಸುವ ಅಪಾಯವೂ ಉಂಟು. ನಕ್ಷೆ ಬರೆಯುವುದು ಅಧಿಕಾರದ ವಿಷಯವೂ ಹೌದು: ಓರಂಗಿಯ ಕಾರ್ಯವನ್ನು ಮುನ್ನಡೆಸಿ, ಕರಾಚಿಯ ಚರಂಡಿಗಳನ್ನೂ ಬಡ ವಸತಿಗಳನ್ನೂ ನಕ್ಷೆಗೆ ತಂದ ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್ 2013ರ ಮಾರ್ಚ್ 13ರಂದು ಗುಂಡಿಗೆ ಬಲಿಯಾದರು. ತಾವಿರುವ ನೆಲವನ್ನು ತಾವೇ ಅಳೆದು ಗುರುತಿಸಿಕೊಂಡ ಜನರನ್ನು ಅಲ್ಲಿ ಇಲ್ಲವೆಂದು ಎಣಿಸುವುದು ಯಾರಿಗೂ ಸುಲಭವಲ್ಲ. ಈ ವಿಧಾನದ ನಿಜವಾದ ಬೆಲೆ ಅಲ್ಲಿದೆ.