ಮೂಡಿಗೆರೆ ಸೀಮೆಯ ಸೂರು ಮತ್ತು ಗಾಳಿಮಳೆಯ ಗುತ್ತಿಗೆ

ಮೂಡಿಗೆರೆ ಸೀಮೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ಅದರ ಬಹುಪಾಲು ಜೂನಿನ ಮೃಗಶಿರಾ ಮಳೆಯಿಂದ ಆಗಸ್ಟಿನ ಮಖೆಯವರೆಗಿನ ಮೂರು ತಿಂಗಳಲ್ಲೇ ಬೀಳುವುದರಿಂದ, ಇಲ್ಲಿ ಸೂರು ಹೊದಿಸುವುದು ಕಾಲ ಗೊತ್ತಿರುವ ಕಸುಬಾಗಿ ಬೆಳೆಯಿತು. ಆ ಕಾಲ ತಪ್ಪಿದಾಗಲೇ ಅವಸರ ಹುಟ್ಟುತ್ತದೆ. ಗಾಳಿಮಳೆಯ ಬೆನ್ನಿಗೆ ಬಂದು ಮುಂಗಡ ಪಡೆದು ಮೋಸ ಮಾಡುವ ಗುತ್ತಿಗೆಗೆ ಜಾಗ ಸಿಕ್ಕುವುದೂ ಆ ಅವಸರದಲ್ಲೇ.

ಹಳೆಯ ಕಾಲದ ಸಾಮಾನ್ಯ ಮನೆಗಳ ಹೊದಿಕೆ ಹುಲ್ಲು ಅಥವಾ ಅಡಕೆ ಸೋಗೆ. ಗುಡ್ಡದಲ್ಲಿ ಬೆಳೆದ ಕರಡವನ್ನು ಬೇಸಿಗೆಯಲ್ಲಿ ಕೊಯ್ದು ಒಣಗಿಸಿ, ಅಡಕೆ ದಬ್ಬೆಯ ಮೇಲೆ ಪದರಪದರವಾಗಿ ಹಾಸಿ ಕಟ್ಟುತ್ತಿದ್ದರು. ಹುಲ್ಲು, ಸೋಗೆ ಎರಡೂ ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತಿದ್ದವು, ಹಾಗಾಗಿ ಹೊದಿಕೆ ಬದಲಿಸುವುದು ವರ್ಷವರ್ಷದ ಕೆಲಸವಾಗಿತ್ತು. ಇದನ್ನು ಊರವರು ಮುಯ್ಯಾಳಿನ ಲೆಕ್ಕದಲ್ಲಿ ಮಾಡಿಕೊಳ್ಳುತ್ತಿದ್ದರು: ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರದು. ಕೆಲಸಗಾರ ಪಕ್ಕದ ಮನೆಯವನೇ, ಸಾಮಾನು ಕಣ್ಣೆದುರೇ ಬೆಳೆದದ್ದು. ಹಣದ ಕೊಡುಕೊಳೆಯೇ ಕಡಿಮೆಯಿದ್ದ ಈ ವ್ಯವಸ್ಥೆಯಲ್ಲಿ ಕಳಪೆ ಕೆಲಸಕ್ಕೆ ದಂಡ ತೆರಬೇಕಾದದ್ದು ಮಾನದಲ್ಲಿ.

ಉಳ್ಳವರ ಮನೆಗಳಿಗೆ ಕುಂಬಾರರು ಮಾಡಿದ ನಾಡಹೆಂಚು ಬಂತು. ಅರ್ಧ ಕೊಳವೆಯಾಕಾರದ ಈ ಸಣ್ಣ ಹೆಂಚುಗಳು ಗಾಳಿಗೂ ಮಂಗಗಳ ಓಡಾಟಕ್ಕೂ ಜರುಗುತ್ತಿದ್ದವು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸುವುದು, ಅಂದರೆ ಒಡೆದದ್ದನ್ನು ತೆಗೆದು ಜರುಗಿದ್ದನ್ನು ಕೂರಿಸುವುದು, ಒಂದು ಪ್ರತ್ಯೇಕ ಕೆಲಸವೇ ಆಯಿತು.

ದೊಡ್ಡ ಬದಲಾವಣೆ ಬಂದದ್ದು ಕರಾವಳಿಯಿಂದ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಜಾರ್ಜ್ ಪ್ಲೆಬ್ಸ್ಟ್ ಅದರ ಹಿಂದಿನ ಶಕ್ತಿ. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ ಸುಟ್ಟ ಚಪ್ಪಟೆ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತಿತ್ತು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಸಾಕು. ಬೇಗನೆ ಸ್ಥಳೀಯ ಉದ್ಯಮಿಗಳೂ ಕಾರ್ಖಾನೆ ತೆರೆದರು, ಘಟ್ಟದ ಮೇಲಿನ ಕಾಫಿ ತೋಟಗಳ ಬಂಗಲೆ, ಗೋದಾಮುಗಳಿಗೂ ಮಂಗಳೂರು ಹೆಂಚು ಹತ್ತಿತು. ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತಿತ್ತು. ಮಾಲು ಯಾರದೆಂದು ಗಿರಾಕಿ ತಾನೇ ಓದಿ ತಿಳಿಯಬಹುದಿತ್ತು, ಮತ್ತು ಈ ಗುರುತು ಮುಂದಿನ ತಗಡಿನ ಕಾಲದಲ್ಲಿ ಅಷ್ಟು ಸುಲಭವಾಗಿ ಸಿಗಲಿಲ್ಲ.

ಹೆಂಚಿನ ಮಾಡಿಗೆ ಬಡಗಿ ಬೇಕು. ಜಂತಿ, ಪಕಾಸಿ, ರೀಪುಗಳ ಅಳತೆ ತಪ್ಪಿದರೆ ಹೆಂಚು ಕಚ್ಚಿಕೊಳ್ಳುವುದಿಲ್ಲ, ಇಳಿಜಾರು ಸಾಲದಿದ್ದರೆ ಜಡಿಮಳೆಯ ನೀರು ಹಿಂದಕ್ಕೆ ಏರಿ ಸೋರುತ್ತದೆ. ಕೆಲಸ ಬಲ್ಲ ಬಡಗಿ ಒಂದೇ ಮನೆತನದ ಮನೆಗಳಿಗೆ ತಲೆಮಾರುಗಟ್ಟಲೆ ಬರುತ್ತಿದ್ದ. ಮುಂದಿನ ಬೇಸಿಗೆಗೂ ಅದೇ ಅಂಗಳಕ್ಕೆ ಬರಬೇಕಾದವನಿಗೆ ಕೆಲಸ ಕೆಡಿಸುವುದು ದುಬಾರಿ.

ಮುಂಗಡದ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಕಾಫಿ ತೋಟಗಳಿಗೆ ಆಳು ತರುವ ಮೇಸ್ತ್ರಿಗಳು ಮಾಲೀಕರಿಂದ ಮುಂಗಡ ಪಡೆದು, ಅದನ್ನು ಕೂಲಿಗಳಿಗೆ ಹಂಚಿ ಕರೆತರುತ್ತಿದ್ದರು. ಬ್ರಿಟಿಷ್ ಭಾರತದ 1859ರ ಕಾಯ್ದೆಯೊಂದು, ಮುಂಗಡ ಪಡೆದು ಕೆಲಸ ಮಾಡದ ಕುಶಲಕರ್ಮಿ ಮತ್ತು ಕೂಲಿಯನ್ನು ಶಿಕ್ಷಿಸಲು ಅವಕಾಶ ಕೊಟ್ಟಿತು. ದಕ್ಷಿಣ ಭಾರತದ ತೋಟದ ಮಾಲೀಕರು ಅದನ್ನು ನೆಚ್ಚಿಕೊಂಡಿದ್ದರು. ಈ ಕಾನೂನು ಬಿದ್ದದ್ದು ಸಾಲದಲ್ಲಿ ಸಿಕ್ಕಿದ ಬಡವನ ಮೇಲೆ, ಆದ್ದರಿಂದ ಅದು ನ್ಯಾಯವಾದದ್ದೇನೂ ಅಲ್ಲ. 1925ರಲ್ಲಿ ಅದನ್ನು ರದ್ದುಪಡಿಸುವ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರಿಗೆ ಹೊರಿಸಿತು. 1981ರ ತಿದ್ದುಪಡಿಯಿಂದ, ಕಾರ್ಮಿಕರು ವಾಸಿಸುವ ಲೈನ್ ಮನೆ ಕುಸಿದು ಸಾವುನೋವಾದರೆ ಪರಿಹಾರವೂ ಮಾಲೀಕರ ಹೊಣೆಯಾಯಿತು.

20ನೇ ಶತಮಾನದ ಉತ್ತರಾರ್ಧದಲ್ಲಿ ಸಿಮೆಂಟ್ ಶೀಟು, ಜಿಂಕ್ ತಗಡು, ಆಮೇಲೆ ಬಣ್ಣದ ಶೀಟುಗಳು ಹೆಂಚಿನ ಜಾಗಕ್ಕೆ ಬಂದವು. ಮರ ದುಬಾರಿಯಾಗಿತ್ತು, ಮಾಡು ಹತ್ತಿ ಕೈಯಾಡಿಸುವ ಆಳು ಸಿಗುವುದು ಕಷ್ಟವಾಗಿತ್ತು. ಸೋರುವ ತಾರಸಿಯ ಮೇಲೂ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸುವುದು ಮಲೆನಾಡಿನಲ್ಲಿ ಮಾಮೂಲಾಯಿತು. ಕೆಲಸ ಬಡಗಿಯಿಂದ ವೆಲ್ಡಿಂಗ್ ಮಾಡುವವರ ಕೈಗೆ ಹೋಯಿತು. ಬಿರುಗಾಳಿಗೆ ಹೆಂಚು ಬಿಡಿಬಿಡಿಯಾಗಿ ಹಾರಿದರೆ, ಬಿಗಿ ಸಾಲದ ಶೀಟು ಇಡಿಯಾಗಿ ಕಿತ್ತುಹೋಗುತ್ತದೆ. ಸಿಲ್ವರ್ ಓಕ್‌ನಂಥ ನೆರಳಿನ ಮರ ಮುರಿದು ಬಿದ್ದರಂತೂ ಒಂದೇ ರಾತ್ರಿಯಲ್ಲಿ ಮನೆ ಬಯಲಾಗುತ್ತದೆ.

ಮೋಸದ ಗುತ್ತಿಗೆ ನಡೆಯುವ ಬಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಟಾರ್ಪಾಲಿನ ಕೆಳಗೆ ಕೂತ ಮನೆಯವರಿಗೆ ದರ ವಿಚಾರಿಸಲು ವ್ಯವಧಾನವಿರುವುದಿಲ್ಲ. ಸಾಮಾನು ತರಲೆಂದು ಮುಂಗಡ ಪಡೆದವನು ಮರಳಿ ಬರುವುದಿಲ್ಲ, ಇಲ್ಲವೇ ಅರ್ಧ ಕೆಲಸ ಮಾಡಿ ಇನ್ನಷ್ಟು ಹಣ ಕೇಳುತ್ತಾನೆ. 0.5 ಮಿ.ಮೀ. ಶೀಟಿನ ದರ ಹೇಳಿ ತೆಳುವಾದದ್ದನ್ನು ಹೊದಿಸುವುದು, ಸ್ಕ್ರೂಗಳ ಸಂಖ್ಯೆ ಇಳಿಸುವುದು, ರಬ್ಬರ್ ವಾಷರ್ ಹಾಕದಿರುವುದು ಕೆಳಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಅದು ಬಯಲಾಗುವುದು ಮುಂದಿನ ಆರಿದ್ರಾ ಮಳೆಗೆ.

ಅಮೆರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. ಅಲ್ಲಿ ಆಲಿಕಲ್ಲು ಮಳೆ, ಚಂಡಮಾರುತದ ಜಾಡು ಹಿಡಿದು ರಾಜ್ಯದಿಂದ ರಾಜ್ಯಕ್ಕೆ ಅಲೆಯುವ ಗುತ್ತಿಗೆದಾರರು ವಿಮೆಯ ಹಣದ ಮೇಲೆ ಕಣ್ಣಿಡುತ್ತಾರೆ. 2005ರ ಕತ್ರಿನಾ ಚಂಡಮಾರುತದ ನಂತರ ಅಲ್ಲಿನ ನ್ಯಾಯ ಇಲಾಖೆ ವಂಚನೆ ತಡೆಗೆ ವಿಶೇಷ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ವಿಮೆ ಮಾಡಿಸಿದವರು ತಾವೇ ಭರಿಸಬೇಕಾದ ಪಾಲನ್ನು ಗುತ್ತಿಗೆದಾರ ಮನ್ನಾ ಮಾಡಿ ಆಮಿಷ ಒಡ್ಡುವುದನ್ನು ಟೆಕ್ಸಾಸ್ ರಾಜ್ಯ 2019ರ ಕಾನೂನಿನಿಂದ ಅಪರಾಧವಾಗಿಸಿತು.

ಮಲೆನಾಡಿನ ಸಾಮಾನ್ಯ ಮನೆಗೆ ವಿಮೆ ಅಪರೂಪ, ಇಲ್ಲಿ ಬರುವುದು ಸರ್ಕಾರದ ಪರಿಹಾರ. 2019ರ ಆಗಸ್ಟ್ ಎರಡನೇ ವಾರದ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿ ಮುಂತಾದ ಕಡೆ ಗುಡ್ಡ ಕುಸಿದು ಮನೆ, ತೋಟಗಳು ಹಾಳಾದವು. ಚಾರ್ಮಾಡಿ ಘಾಟಿಯ ಸಂಚಾರವೂ ನಿಂತಿತು. ಆ ವರ್ಷ ರಾಜ್ಯ ಸರ್ಕಾರ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಹಾಳಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಣವನ್ನು ಕಟ್ಟಡದ ಪ್ರಗತಿ ನೋಡಿ ಹಂತಹಂತವಾಗಿ ಸಂತ್ರಸ್ತರ ಬ್ಯಾಂಕ್ ಖಾತೆಗೇ ಹಾಕುವ ಕ್ರಮ ಮಧ್ಯವರ್ತಿಗಳಿಗೆ ಒಂದು ತಡೆ. ಆದರೆ ಮಳೆಗೆ ಕಾಯುವ ವ್ಯವಧಾನವಿಲ್ಲ. ಹಣ ಬರುವ ಮುನ್ನವೇ ಸಾಲ ಮಾಡಿ ಸೂರು ಹಾಕಿಸಿಕೊಳ್ಳುವವರು ಮುಂಗಡದ ಬಲೆಗೆ ಸುಲಭವಾಗಿ ಸಿಗುತ್ತಾರೆ.

ಇದಕ್ಕೆ ಕಾನೂನಿನ ದಾರಿಯಿದೆ. 1993ರ ತಿದ್ದುಪಡಿ ಮನೆ ನಿರ್ಮಾಣವನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೇವೆಗಳಿಗೆ ಸೇರಿಸಿತು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ, ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಅನ್ವಯಿಸುತ್ತದೆ. ಎರಡಕ್ಕೂ ಕಾಗದವೇ ಆಧಾರ: ಶೀಟಿನ ದಪ್ಪ, ಕಂಪನಿ, ಅಳತೆ, ಮುಗಿಸುವ ದಿನ ಬರೆದ ಕರಾರು, ಜಿಎಸ್‌ಟಿ ಬಿಲ್ಲು, ಬ್ಯಾಂಕಿನ ಮೂಲಕ ಹಂತವಾರು ಪಾವತಿ. ಮಂಗಳೂರು ಹೆಂಚಿಗೆ ಐಎಸ್ 654, ಜಿಂಕ್ ಲೇಪಿತ ಶೀಟಿಗೆ ಐಎಸ್ 277 ಎಂಬ ಭಾರತೀಯ ಮಾನಕಗಳಿವೆ. ಸಾಮಾನನ್ನು ಮನೆಯವರೇ ಅಂಗಡಿಯಿಂದ ತಂದು ಕೂಲಿಯನ್ನಷ್ಟೇ ಗುತ್ತಿಗೆ ಕೊಟ್ಟರೆ ಮೋಸದ ಅರ್ಧ ಬಾಗಿಲು ಮುಚ್ಚುತ್ತದೆ. ಹೂಮಳೆ ಬೀಳುವ ಮಾರ್ಚ್, ಏಪ್ರಿಲ್‌ನಲ್ಲೇ ಮಾಡು ಹತ್ತಿ ನೋಡಿಸುವ ಹಿರಿಯರ ಕ್ರಮ ಉಳಿದರ್ಧಕ್ಕೆ ಇಂದಿಗೂ ಸಲ್ಲುವ ಉಪಾಯ.