ರಾಗಿ ತಳಿ ಸಂವರ್ಧನೆ

ರಾಗಿ ತಳಿ ಸಂವರ್ಧನೆ ಎಂದರೆ ರಾಗಿಯ ಇಳುವರಿ, ರೋಗನಿರೋಧಕ ಶಕ್ತಿ ಮತ್ತು ಮಾಗುವ ಅವಧಿಯನ್ನು ಆಯ್ಕೆ ಹಾಗೂ ಸಂಕರಣಗಳ ಮೂಲಕ ಉತ್ತಮಪಡಿಸುವ ಕೃಷಿ ವಿಜ್ಞಾನದ ಕಾರ್ಯ. ಭಾರತದ ರಾಗಿ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು. ಈ ಸಂಶೋಧನೆಯ ಪ್ರಮುಖ ಘಟ್ಟಗಳು ಮಂಡ್ಯ ಮತ್ತು ಬೆಂಗಳೂರಿನಲ್ಲಿ ನಡೆದಿವೆ. ಹೆಚ್ಚು ನೀರು ಬೇಡದ ಬೆಳೆಯೊಂದನ್ನು ರೈತನ ಹೊಲದಲ್ಲಿ ಉಳಿಸಿಕೊಳ್ಳಲು ವಿಜ್ಞಾನವು ನೆರವಾದುದಕ್ಕೆ ಇದೊಂದು ನಿದರ್ಶನ.

ಹಿನ್ನೆಲೆ

ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳು. ಸಾವಿರಾರು ವರ್ಷಗಳ ಹಿಂದೆಯೇ ಅದು ಭಾರತಕ್ಕೆ ಬಂದು ಇಲ್ಲಿನ ಮಣ್ಣಿಗೆ ಒಗ್ಗಿಕೊಂಡಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದ್ದು, ಇದು ಅಕ್ಕಿ, ಗೋಧಿಗಳಲ್ಲಿರುವುದಕ್ಕಿಂತ ಅನೇಕ ಪಟ್ಟು ಅಧಿಕ. ದೀರ್ಘಕಾಲ ಕೆಡದಿರುವುದು ಇದರ ಇನ್ನೊಂದು ಗುಣ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಗಳ ವಿವಾದವು ರಾಗಿಯ ಪರವಾಗಿ ತೀರ್ಮಾನವಾಗುವುದು ಈ ಗುಣದಿಂದಲೇ.

ಸಂಕರಣದ ತೊಡಕು

ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಇದರ ಹೂಗಳು ಅತಿ ಸಣ್ಣವು. ಅವುಗಳಿಂದ ಪರಾಗಕೋಶಗಳನ್ನು ಕೈಯಿಂದ ಬೇರ್ಪಡಿಸುವುದು ಬಹಳ ಕಷ್ಟ. ಆದ್ದರಿಂದ ಆರಂಭದಲ್ಲಿ ಸ್ಥಳೀಯ ತಳಿಗಳಿಂದ ಉತ್ತಮ ಗಿಡಗಳನ್ನು ಆರಿಸಿ ಬೀಜ ಮಾಡುವುದಷ್ಟೇ ಮುಖ್ಯ ವಿಧಾನವಾಗಿತ್ತು.

ಇಂಡಾಫ್ ತಳಿಗಳು

‘ರಾಗಿ ಲಕ್ಷ್ಮಣಯ್ಯ’ ಎಂದು ಹೆಸರಾದ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಸಂಕರಿಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇವುಗಳಿಗೆ ‘ಇಂಡಾಫ್’ ಎಂದು ಹೆಸರಿಡಲಾಯಿತು. ಆಫ್ರಿಕಾ ತಳಿಗಳ ಗಟ್ಟಿಕಾಂಡ ಹಾಗೂ ದೊಡ್ಡ ತೆನೆಗಳು ಇಲ್ಲಿನ ಹವೆಗೆ ಒಗ್ಗಿದ ತಳಿಗಳ ಗುಣಗಳೊಂದಿಗೆ ಸೇರಿದವು. ಬೇಗ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ತಡವಾದಾಗ ಅಲ್ಪಾವಧಿಯ ಇಂಡಾಫ್-9 ಎಂಬಂತೆ ಮಳೆಗೆ ಹೊಂದುವ ಆಯ್ಕೆ ರೈತರಿಗೆ ದೊರೆಯಿತು.

ಬೆಂಕಿರೋಗದ ನಿಯಂತ್ರಣ

ಶಿಲೀಂಧ್ರದಿಂದ ಬರುವ ಬೆಂಕಿರೋಗ ರಾಗಿಯ ಮುಖ್ಯ ಶತ್ರು. ರೋಗವು ತೆನೆಯ ಕತ್ತಿಗೆ ತಗುಲಿದರೆ ಆಹಾರ ಸಾಗದೆ ಕಾಳು ಜೊಳ್ಳಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಜಿಪಿಯು-28 ತಳಿಯು ಈ ರೋಗವನ್ನು ತಡೆದುಕೊಳ್ಳುತ್ತದೆ. ಇಂಡಾಫ್-5 ಮತ್ತು ಇಂಡಾಫ್-9 ಇದರ ವಂಶದಲ್ಲಿವೆ. ನಿರೋಧಕ ಶಕ್ತಿ ಬೀಜದಲ್ಲಿಯೇ ಇರುವುದರಿಂದ ಔಷಧಿ ಸಿಂಪಡಣೆಯ ಖರ್ಚು ಕಡಿಮೆಯಾಗುತ್ತದೆ. ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ ಕಾರಣ ರೈತನು ತನ್ನ ಬೀಜವನ್ನು ತಾನೇ ಉಳಿಸಿಕೊಂಡು ಮತ್ತೆ ಬಿತ್ತಬಹುದು.

ಮಿತಿಗಳು

ಸುಧಾರಿತ ತಳಿಗಳು ಹರಡಿದಂತೆ ಗಿಡ್ಡ ರಾಗಿ, ಉಂಡೆ ರಾಗಿ ಮೊದಲಾದ ನಾಟಿ ತಳಿಗಳು ಹೊಲಗಳಿಂದ ಮರೆಯಾಗತೊಡಗಿದವು. ಮುಂದಿನ ಸಂಕರಣಕ್ಕೆ ಬೇಕಾದ ಗುಣಗಳು ಇಂತಹ ತಳಿಗಳಲ್ಲಿಯೇ ಇರುವುದರಿಂದ ಅವನ್ನು ಬೀಜಭಂಡಾರಗಳಲ್ಲಿಯೂ ರೈತರ ಹೊಲಗಳಲ್ಲಿಯೂ ಸಂರಕ್ಷಿಸುವುದು ಅಗತ್ಯ. ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ರಾಗಿಯ ನಡುವೆ ಬಿತ್ತುವ ಅಕ್ಕಡಿ ಬೇಸಾಯವೂ ಕುಗ್ಗಿದೆ. ಉತ್ತಮ ತಳಿಯಿದ್ದರೂ ನ್ಯಾಯವಾದ ಬೆಲೆ ಸಿಗದಿದ್ದರೆ ರೈತನು ಬೇರೆ ಬೆಳೆಗೆ ತಿರುಗುತ್ತಾನೆ. ಬೆಂಬಲ ಬೆಲೆಯ ಖರೀದಿ ಹಾಗೂ ಪಡಿತರದಲ್ಲಿ ರಾಗಿಯ ವಿತರಣೆ ಈ ಕೊರತೆಯನ್ನು ತುಂಬುವ ಕ್ರಮಗಳಾಗಿವೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು.