ಅರಿಯದ ಕಡಲು, ಬಲೆಯ ಮೇರೆ

ಧಾರವಾಡದ ಕಡೆ ಹುಟ್ಟುವ ಬೇಡ್ತಿ ಹೊಳೆಯು ಕಲಘಟಗಿಯ ಸೀಮೆಯನ್ನು ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಮಂಜಗುಣಿಯ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನವಲಗುಂದದ ಎರೆಭೂಮಿಯ ನೀರಾದರೋ ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಯರ ದಾರಿಯಿಂದ ಪೂರ್ವದ ಕಡಲಿಗೆ ಹೋಗುತ್ತದೆ. ಒಂದೇ ಜಿಲ್ಲೆಯ ಮಳೆ ಹೀಗೆ ಎರಡು ಸಮುದ್ರಗಳಿಗೆ ಹಂಚಿಹೋದರೂ ಇಲ್ಲಿನ ಶ್ರಾವಕ ಕುಟುಂಬಗಳಿಗೆ ಮೀನುಗಾರಿಕೆಯ ಪ್ರಶ್ನೆ ತಮ್ಮದಲ್ಲವೆಂದೇ ತೋರುವುದು ಸಹಜ. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೇನು? ಆದರೆ ಕೋಳಿ ಆಹಾರದ ಚೀಲದಲ್ಲಿ ಕಲಘಟಗಿಯ ಗೋವಿನಜೋಳವೂ ಕರಾವಳಿಯ ಮೀನುಪುಡಿಯೂ ಒಂದಾಗಬಲ್ಲವು. ಯಾವ ಜೀವಿಗಳು ಎಷ್ಟಿವೆಯೆಂದೇ ತಿಳಿಯದ ನೀರಿನಲ್ಲಿ ವ್ಯಾಪಾರಕ್ಕಾಗಿ ಬಲೆ ಬೀಸಬಹುದೆ, ಅಥವಾ ಸಂಶೋಧನೆಯಾಗುವ ತನಕ ತಡೆಯಬೇಕೆ ಎಂಬ ಪ್ರಶ್ನೆ ಒಳನಾಡಿಗೂ ಸೇರಿದ್ದು.

ಕಾಯದೇ ಬಲೆ ಬೀಸಿದರೆ ಏನಾಗುವುದೆಂಬುದಕ್ಕೆ ಕರ್ನಾಟಕದ ಕರಾವಳಿಯಲ್ಲಿಯೇ ನಿದರ್ಶನವಿದೆ. ರಂಪಣಿಯೆಂಬ ದೊಡ್ಡ ಬಲೆಯನ್ನು ಊರಿನ ಜನ ಕೂಡಿ ದಡಕ್ಕೆ ಎಳೆಯುತ್ತಿದ್ದರು. ದಡದ ಸಮೀಪಕ್ಕೆ ಬಂದ ಬಂಗುಡೆ, ಬೂತಾಯಿಗಳಷ್ಟೇ ಅದಕ್ಕೆ ಸಿಗುತ್ತಿದ್ದವು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು, ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಅದನ್ನು ಸುತ್ತುವರಿದು ಎತ್ತತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಬರಿದಾಯಿತು, ಅದನ್ನೇ ನಂಬಿದ್ದವರು ಬೀದಿಗಿಳಿದರು. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಬಲೆ ಮೊದಲು, ವಿಚಾರ ಆಮೇಲೆ.

ಹೊರದೇಶಗಳಲ್ಲಿ ಇದಕ್ಕಿಂತ ಘೋರವಾದುದು ನಡೆದಿದೆ. ಅಮೆರಿಕ, ರಷ್ಯಗಳ ನಡುವಣ ಬೇರಿಂಗ್ ಸಮುದ್ರದ ಮಧ್ಯದಲ್ಲಿ ಯಾವ ದೇಶದ ಆಳ್ವಿಕೆಗೂ ಸೇರದ ಒಂದು ಭಾಗವಿದೆ. ಹಲವು ದೇಶಗಳ ಹಡಗುಗಳು ಅಲ್ಲಿಗೆ ನುಗ್ಗಿ 1989ರ ಒಂದೇ ವರ್ಷದಲ್ಲಿ ಸುಮಾರು 14 ಲಕ್ಷ ಟನ್ನು ಪೊಲಾಕ್ ಮೀನನ್ನು ಹಿಡಿದವು. ಮೂರು ವರ್ಷಗಳೊಳಗೆ ಹಿಡಿಯಲು ಏನೂ ಉಳಿಯದಂತಾಯಿತು. 1993ರಲ್ಲಿ ಬಲೆಗಳು ನಿಂತವು, 1994ರಲ್ಲಿ ಒಪ್ಪಂದವಾಯಿತು. ಆ ಮೀನಿನ ಸಂತತಿ ಇಂದಿಗೂ ಅಲ್ಲಿ ಚೇತರಿಸಿಕೊಂಡಿಲ್ಲ.

ಈ ಅನುಭವದ ಬೆನ್ನಿಗೆ ಬಂದದ್ದು ಉತ್ತರ ಧ್ರುವದ ಒಪ್ಪಂದ. ಮಂಜು ಕರಗುತ್ತಿರುವ ಆ ಮಧ್ಯಸಾಗರದ ಸುಮಾರು 28 ಲಕ್ಷ ಚದರ ಕಿಲೋಮೀಟರಿನಲ್ಲಿ ವಾಣಿಜ್ಯ ಮೀನುಗಾರಿಕೆ ಇನ್ನೂ ಆರಂಭವಾಗಿರಲಿಲ್ಲ. ಆರಂಭವಾಗುವ ಮೊದಲೇ, 2018ರ ಅಕ್ಟೋಬರ್ 3ರಂದು, ಅಮೆರಿಕ, ರಷ್ಯ, ಚೀನ, ಜಪಾನ್, ಯೂರೋಪಿಯನ್ ಒಕ್ಕೂಟ ಮೊದಲಾದ ಹತ್ತು ಪಕ್ಷಗಳು ಸಹಿ ಹಾಕಿದವು. 2021ರ ಜೂನ್ 25ರಂದು ಅದು ಜಾರಿಗೆ ಬಂದಿತು. ಮೊದಲ ಅವಧಿ 16 ವರ್ಷ; ಅಷ್ಟರಲ್ಲಿ ಕೂಡಿ ಸಂಶೋಧನೆ ನಡೆಸಬೇಕು.

ಜೈನ ಓದುಗರಿಗೆ ಇದು ಅಪರಿಚಿತವಾದ ಮಾತೇನೂ ಅಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ವಿವರಣೆಯಿದೆ: ಸಮುದ್ರ, ನದಿ, ಅಡವಿ, ಪರ್ವತಗಳನ್ನು ಮೇರೆಯಾಗಿಟ್ಟುಕೊಂಡು ಅದರಾಚೆ ಹೋಗೆನೆಂದು ಶ್ರಾವಕನು ನಿಶ್ಚಯಿಸುತ್ತಾನೆ. ಕಾಲಾವಧಿಯನ್ನೂ ಗೊತ್ತುಮಾಡಿ ಆ ಮೇರೆಯನ್ನು ಇನ್ನಷ್ಟು ಕಿರಿದುಮಾಡುವುದು ದೇಶಾವಕಾಶಿಕ. ಹದಿನಾರು ವರ್ಷದ ಈ ಕರಾರು ಅದನ್ನೇ ಹೋಲುತ್ತದೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆ ದೇಶಗಳು ಮೀನಿಗೆ ಕನಿಕರಿಸಿ ಸಹಿ ಹಾಕಲಿಲ್ಲ, ಮುಂದೆ ಹಿಡಿಯಲು ಉಳಿಯಲೆಂದು ಹಾಕಿದವು.

ಕರುಣೆಯಿಂದಲೇ ಆದ ನಿಷೇಧವೂ ಇತಿಹಾಸದಲ್ಲಿದೆ. ಜಿನಚಂದ್ರಸೂರಿಯ ಪ್ರಭಾವದಿಂದ ಅಕ್ಬರನು ಖಂಭಾತದ ಕೊಲ್ಲಿಯಲ್ಲಿ ಒಂದು ವರ್ಷ ಮೀನು ಹಿಡಿಯದಂತೆ ಆಜ್ಞೆ ಮಾಡಿದನೆಂದು ಖರತರಗಚ್ಛದ ಪರಂಪರೆ ಹೇಳುತ್ತದೆ. ಜೀವದಯೆಯ ಉಜ್ವಲ ಪ್ರಸಂಗವೆಂದು ಅದನ್ನು ಸ್ಮರಿಸುವುದು ಯುಕ್ತವೇ. ಆ ವರ್ಷ ಖಂಭಾತದ ಬೆಸ್ತರು ಏನು ಉಂಡರು ಎಂಬುದೂ ಕೇಳತಕ್ಕ ಪ್ರಶ್ನೆ. ನಡೆಯುತ್ತಿರುವ ಕಸುಬನ್ನು ನಿಲ್ಲಿಸಿದರೆ ಅದರ ಹೊರೆ ಬಡವರ ಒಲೆಯ ಮೇಲೆ ಬೀಳುತ್ತದೆ. ಇನ್ನೂ ಹುಟ್ಟದ ಕಸುಬನ್ನು ತಡೆದರೆ ಯಾರ ಒಲೆಯೂ ಆರುವುದಿಲ್ಲ.

ಈ ವ್ಯತ್ಯಾಸ ಈಗ ಅರಬ್ಬೀ ಸಮುದ್ರದಲ್ಲಿ ಪರೀಕ್ಷೆಗೆ ನಿಂತಿದೆ. ಅಲ್ಲಿ ಬೆಳಕು ಮಸುಕಾಗುವ ಆಳದಲ್ಲಿ, ಮೈಮೇಲೆ ಬೆಳಕಿನ ಚುಕ್ಕೆಗಳುಳ್ಳ ಮಿಕ್ಟೋಫಿಡ್ ಜಾತಿಯ ಪುಟ್ಟ ಮೀನುಗಳು ಅಗಾಧ ಸಂಖ್ಯೆಯಲ್ಲಿವೆ. ಹಗಲು ಆಳದಲ್ಲಿದ್ದು, ರಾತ್ರಿ ಮೇಲೇರಿ ಮೇಯ್ದು, ಮತ್ತೆ ಇಳಿಯುವ ಇವು ಇಂಗಾಲವನ್ನು ಕೆಳಗೆ ಒಯ್ಯುತ್ತವೆ. ದೊಡ್ಡ ಮೀನುಗಳಿಗೆ ಆಹಾರವೂ ಆಗಿವೆ. ಊಟಕ್ಕಿಂತ ಮೀನುಪುಡಿಗೂ ಎಣ್ಣೆಗೂ ಒದಗಬಲ್ಲವೆಂದು ಉದ್ಯಮದ ಕಣ್ಣು ಇವುಗಳ ಮೇಲಿದೆ. ದಡದ ಮೀನು ಸಾಲದೆ ದೂರಕ್ಕೆ ಹೋಗುತ್ತಿರುವ ಮಲ್ಪೆ, ಮಂಗಳೂರುಗಳ ಮೀನುಗಾರರ ಕಷ್ಟ ಸುಳ್ಳಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳು ಆಳಸಮುದ್ರದಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಕೊಟ್ಟಿರುವುದು ಅದಕ್ಕಾಗಿಯೇ. ಆ ದೋಣಿಗಳು ಟ್ಯೂನಕ್ಕೆ ಹೋಗುವುದು ಬೇರೆ, ಟ್ಯೂನ ತಿಂದು ಬದುಕುವ ಮೀನನ್ನೇ ಪುಡಿಮಾಡಲು ಹಡಗು ಕಟ್ಟುವುದು ಬೇರೆ. ಎರಡನೆಯದನ್ನು ಸಂಶೋಧನೆ ಮುಗಿಯುವ ತನಕ ತಡೆಯುವುದಾದರೆ ಅದಕ್ಕೆ ಇದೇ ಸಮಯ. ಬ್ಯಾಂಕಿನ ಸಾಲ ಪಡೆದು ಹಡಗು ನೀರಿಗಿಳಿದ ಮೇಲೆ, 1970ರ ದಶಕದ ಪರ್ಸೀನ್ ದೋಣಿಗಳಂತೆ, ಅದನ್ನು ಹಿಂದಕ್ಕೆ ಕರೆಯುವುದು ಯಾವ ಸರಕಾರಕ್ಕೂ ಸುಲಭವಾಗುವುದಿಲ್ಲ.